ಮುನಸಿಫರು ಕುಡಿದ ನೀರು

ಕುಷ್ಟಗಿಯ ಕೊಟ್ರಬಸಪ್ಪ ಆ ದಿನ ಬೆಳಿಗ್ಗೆ ಮಾಡಿದ ತಪ್ಪು ಇಷ್ಟೇ. ಬಾಗಿಲಿಗೆ ಬಂದು ನೀರು ಕೇಳಿದವರಿಗೆ ನೀರು ಕೊಟ್ಟ. ಬರೀ ನೀರು ಕೊಡಬಾರದೆಂದು ಒಂದು ಚೂರು ಬೆಲ್ಲವನ್ನೂ ಕೊಟ್ಟ. ಬೇರೆ ಊರಿನಲ್ಲಾಗಿದ್ದರೆ ಇದಕ್ಕೆ ಪುಣ್ಯ ಬರುತ್ತಿತ್ತು. ಆದರೆ ಅದು ದಸ್ತಗೀರ ಸಾಹೇಬರು ಕುಷ್ಟಗಿಗೆ ಮುನಸಿಫರಾಗಿದ್ದ ಕಾಲ, ಮೇಲಾಗಿ ಅವತ್ತು ಕೊಟ್ರಬಸಪ್ಪನ ದಾವೆಯ ತೀರ್ಪಿನ ದಿನ.

ದಾವೆ ಒಂದು ಹಗೇವಿನದು. ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜಕ್ಕೆ ನಮ್ಮ ಕಡೆ ಹಗೇವು ಎನ್ನುತ್ತಾರೆ. ಇದನ್ನು ಕೊಟ್ರಬಸಪ್ಪನ ಅಜ್ಜನೂ ಪಕ್ಕದ ಮನೆಯ ಕಳಕಪ್ಪನ ಅಜ್ಜನೂ ಕೂಡಿ ತೋಡಿಸಿದ್ದರು. ಆಗ ಎರಡು ಮನೆಗಳ ನಡುವೆ ಗೋಡೆ ಇರಲಿಲ್ಲ. ಅಜ್ಜಂದಿರು ಹೋದ ಮೇಲೆ ಗೋಡೆ ಎದ್ದಿತು. ಗೋಡೆ ಎದ್ದ ಮೇಲೆ ನೋಡಿದರೆ ಹಗೇವಿನ ಬಾಯಿ ಕಳಕಪ್ಪನ ಅಂಗಳದಲ್ಲಿ, ಹೊಟ್ಟೆ ಕೊಟ್ರಬಸಪ್ಪನ ಅಡಿಗೆಮನೆಯ ಕೆಳಗೆ. ಬಾಯಿ ಯಾರ ಕಡೆಗಿದೆಯೋ ಅವರದೇ ಹಗೇವು ಎಂದು ಕಳಕಪ್ಪ ಹಟ ಹಿಡಿದ. ಹೊಟ್ಟೆ ಇಲ್ಲದ ಬಾಯಿಗೆ ಏನು ಬೆಲೆ ಎಂದು ಕೊಟ್ರಬಸಪ್ಪ ಕೋರ್ಟಿಗೆ ಹೋದ. ಕೋರ್ಟಿನವರು ಬಂದು ಬಾಯಿಗೆ ಕಲ್ಲು ಮುಚ್ಚಿ, ಅರಗಿನ ಮೊಹರು ಒತ್ತಿ ಹೋಗಿ ವರ್ಷಗಳೇ ಕಳೆದಿದ್ದವು. ಎರಡೂ ಮನೆಯವರು ಸಂತೆಯ ಜೋಳ ತಂದು ತಿನ್ನುತ್ತಿದ್ದರು.

ಜೋಳದ ಮಾತು ಹೋಗಲಿ. ಕೊಟ್ರಬಸಪ್ಪನಿಗೆ ಗುರುಲಿಂಗಮ್ಮ ಎಂಬ ಮಗಳಿದ್ದಳು. ಯಲಬುರ್ಗಾದ ಒಳ್ಳೆಯ ಮನೆತನದವರು ಬಂದು ಹುಡುಗಿಯನ್ನು ನೋಡಿ, ಒಪ್ಪಿ, ಮಂಡಿಗೆ ತಿಂದು, ಹೋಗುವಾಗ ಒಂದು ಮಾತು ಹೇಳಿದ್ದರು. ಕೋರ್ಟು ಕಚೇರಿ ಹತ್ತಿದ ಮನೆಯಿಂದ ಸೊಸೆಯನ್ನು ತರುವ ರೂಢಿ ತಮ್ಮಲ್ಲಿಲ್ಲ, ದಾವೆ ಸೋಲಲಿ ಗೆಲ್ಲಲಿ ಮುಗಿದರೆ ಸಾಕು, ಮುಗಿದ ದಿನ ಹೇಳಿ ಕಳಿಸಿ, ಉಗಾದಿಯ ಒಳಗೆ ಲಗ್ನ ಮಾಡೋಣ. ಅಂದಿನಿಂದ ಹೆಂಡತಿ ಬಸವಣ್ಣೆಮ್ಮ ಗಂಡನಿಗೆ ರೊಟ್ಟಿ ಹಾಕುವಾಗಲೆಲ್ಲ ತೀರ್ಪು ಯಾವಾಗ ಎಂದು ಕೇಳುತ್ತಿದ್ದಳು. ಕೊಟ್ರಬಸಪ್ಪನಿಗೆ ರೊಟ್ಟಿ ಗಂಟಲಲ್ಲಿ ಸಿಕ್ಕುತ್ತಿತ್ತು.

ಇನ್ನು ಮುನಸಿಫರ ವಿಷಯ. ದಸ್ತಗೀರ ಸಾಹೇಬರಂಥ ಸತ್ಯವಂತರು ನಿಜಾಮ ಸರಕಾರದ ಹದಿನಾರು ಜಿಲ್ಲೆಗಳಲ್ಲಿ ಇಲ್ಲವೆಂದು ಕುಷ್ಟಗಿಯ ಜನ ಎದೆ ತಟ್ಟಿ ಹೇಳುತ್ತಿದ್ದರು. ಉಳಿದ ಜಿಲ್ಲೆಗಳನ್ನು ಯಾರೂ ನೋಡಿರಲಿಲ್ಲ, ಆದರೂ ಮಾತು ನಿಜವೇ ಇತ್ತು. ಯಾವ ಕಕ್ಷಿಗಾರನಿಂದ ಸಾಹೇಬರು ಒಂದು ಕಡ್ಡಿಯಷ್ಟು ಉಪಕಾರ ಪಡೆದರೂ ಆ ದಾವೆಯನ್ನು ತಾವು ಮುಟ್ಟುತ್ತಿರಲಿಲ್ಲ, ರಾಯಚೂರಿನ ದೊಡ್ಡ ಕೋರ್ಟಿಗೆ ಕಳಿಸಿಬಿಡುತ್ತಿದ್ದರು. ಒಬ್ಬ ರೈತ ಮಳೆಯಲ್ಲಿ ಅವರಿಗೆ ಗೊಂಗಡಿ ಹಿಡಿದದ್ದಕ್ಕೆ ಅವನ ಬದುವಿನ ದಾವೆ ರಾಯಚೂರಿಗೆ ಹೋಗಿತ್ತು. ರಾಯಚೂರಿಗೆ ಹೋದ ದಾವೆ ಮರಳಿ ಬಂದದ್ದನ್ನು ಕುಷ್ಟಗಿಯಲ್ಲಿ ಯಾರೂ ಕಂಡಿರಲಿಲ್ಲ.

ಇದರಿಂದ ಊರಿನಲ್ಲಿ ಒಂದು ವಿಚಿತ್ರ ಪದ್ಧತಿ ಬೆಳೆಯಿತು. ಸಾಹೇಬರು ಕೊಡೆಯನ್ನು ಬಂದೂಕಿನಂತೆ ಹೆಗಲ ಮೇಲಿಟ್ಟುಕೊಂಡು ಬೀದಿಯಲ್ಲಿ ಹೊರಟರೆ, ದಾವೆ ಇಲ್ಲದವರೆಲ್ಲ ಎದ್ದು ಕೈಮುಗಿಯುವರು, ದಾವೆ ಇದ್ದವರೆಲ್ಲ ಮುಖ ತಿರುಗಿಸಿ ಗೋಡೆ ನೋಡುವರು, ಇಲ್ಲವೆ ಬಾಗಿಲು ಹಾಕಿಕೊಳ್ಳುವರು. ಯಾರು ಎಷ್ಟು ದೂರ ಓಡಿದರು ಎನ್ನುವುದರ ಮೇಲೆ ಅವರಿಗೆ ಸಾಹೇಬರ ಮೇಲಿದ್ದ ಗೌರವ ತಿಳಿಯುತ್ತಿತ್ತು. ಕೊಟ್ರಬಸಪ್ಪ ಎಲ್ಲರಿಗಿಂತ ಮುಂದೆ. ಕೋರ್ಟಿನಲ್ಲಿ ಹೆಸರು ಕೂಗಿದಾಗಲೂ ಅವನು ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತ ನಿಂತಿದ್ದನೇ ಹೊರತು ಮುನಸಿಫರ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ.

ಅಂಥವನು ಅವತ್ತು ಬೆಳಿಗ್ಗೆ ಕಟ್ಟೆಯ ಮೇಲೆ ಹಲ್ಲುಜ್ಜುತ್ತ ಕೂತಿದ್ದಾಗ, ಧೂಳು ತುಂಬಿದ ಕಾಲಿನ ಒಬ್ಬ ಮುದುಕ ಬಂದು ನಿಂತ. ಮಾಸಿದ ಧೋತರ, ರುಮಾಲು, ಎದೆಯ ಮಟ್ಟ ಬಿಳಿ ಗಡ್ಡ, ಹೆಗಲ ಮೇಲೆ ಕೊಡೆ. ನೀರು ಕೇಳಿದ. ಕೊಟ್ರಬಸಪ್ಪ ಒಳಗಿನಿಂದ ತಂಬಿಗೆ ತಂದು, ಬೆಲ್ಲ ಕೈಗಿಟ್ಟು, ನೀರು ಕೊಟ್ಟ. ಮುದುಕ ಕಟ್ಟೆಯ ಮೇಲೆ ಕೂತು ಸಮಾಧಾನವಾಗಿ ಕುಡಿದು, ನಿಮ್ಮ ಊರಿನ ಮುನಸಿಫರು ಹೇಗೆ ಎಂದು ಕೇಳಿದ.

"ದೇವರಂಥವ್ರು ಕಾಕಾ," ಎಂದ ಕೊಟ್ರಬಸಪ್ಪ. "ಅವರನ್ನ ಹಡದಾಕಿ ಹೊಟ್ಟಿ ತಣ್ಣಗಿರ್ಲಿ. ಅಂಥಾ ಮನಿಶಾ ಈ ಊರಿಗೆ ಹಿಂದ ಬಂದಿಲ್ಲ, ಮುಂದ ಬರೂದಿಲ್ಲ."

ಮುದುಕನ ಕಣ್ಣು ತುಂಬಿ ಬಂತು. ರುಮಾಲಿನ ತುದಿಯಿಂದ ಒರೆಸಿಕೊಂಡು ಎದ್ದ. "ಮಗನ ಕಡೆ ಹೊಂಟೀನಿ ತಮ್ಮಾ. ಏನೋ ಛಲೋ ಸುದ್ದಿ ಐತಿ, ಬಾ ಅಂತ ಹೇಳಿ ಕಳಿಸ್ಯಾನ," ಎಂದು ಹೇಳಿ, ಕೊಡೆಯನ್ನು ಹೆಗಲ ಮೇಲಿಟ್ಟುಕೊಂಡು ಓಣಿಯ ತಿರುವಿನತ್ತ ನಡೆದ.

ಅವನು ತಿರುವಿನಲ್ಲಿ ಮರೆಯಾಗುವುದಕ್ಕೂ ಯಂಕೋಬ ಬರುವುದಕ್ಕೂ ಸರಿಯಾಯಿತು. ಯಂಕೋಬನಿಗೆ ಕೋರ್ಟಿನಲ್ಲಿ ದಾವೆಯೂ ಇರಲಿಲ್ಲ, ನೌಕರಿಯೂ ಇರಲಿಲ್ಲ, ಆದರೂ ಅವನು ಬಂದು ಕೂಡದೆ ಕೋರ್ಟು ಶುರುವಾಗುತ್ತಿರಲಿಲ್ಲ. ಊರಿನ ಎಲ್ಲರ ದಾವೆಗೂ ಅವನು ಪುಕ್ಕಟೆ ಸಲಹೆಗಾರ. ಅವನು ಮುದುಕನ ಬೆನ್ನನ್ನು ನೋಡಿದ, ಹೆಗಲ ಮೇಲಿನ ಕೊಡೆಯನ್ನು ನೋಡಿದ, ಕಟ್ಟೆಯ ಮೇಲಿನ ತಂಬಿಗೆಯನ್ನು ನೋಡಿದ.

"ಕೊಟ್ರಬಸಪ್ಪಾ, ಯಾರಿಗಿ ನೀರು ಕೊಟ್ಟಿ?"

ಯಾರೋ ಮುದುಕ, ಪರ ಊರಿನವನು, ಗಡ್ಡದವನು ಎಂದ ಕೊಟ್ರಬಸಪ್ಪ.

ಯಂಕೋಬ ಹಣೆ ಹಣೆ ಬಡಿದುಕೊಂಡ. ಆ ನಡಿಗೆ, ಆ ಕೊಡೆ ಹಿಡಿಯುವ ಠೀವಿ ಈ ತಾಲೂಕಿನಲ್ಲಿ ಒಬ್ಬರಿಗೇ ಇದೆ ಎಂದ. ಕೊಟ್ರಬಸಪ್ಪ ಗಡ್ಡದ ಮಾತು ಎತ್ತಿದ. ಅದಕ್ಕೂ ಯಂಕೋಬನ ಹತ್ತಿರ ಉತ್ತರವಿತ್ತು. ಸಾಹೇಬರು ಹಿಂದೆ ಸಿಂಧನೂರಿನಲ್ಲಿದ್ದಾಗ ದನದ ವ್ಯಾಪಾರಿಯ ವೇಷ ಹಾಕಿ ಸಂತೆಯಲ್ಲಿ ತಿರುಗಿ ಸುಳ್ಳು ಸಾಕ್ಷಿ ಹಿಡಿದದ್ದು, ಮಾನ್ವಿಯಲ್ಲಿ ಬಳೆಗಾರರಾಗಿ ಮನೆಮನೆಗೆ ಹೋಗಿ ಒಬ್ಬ ವಿಧವೆಯ ಹೊಲ ಉಳಿಸಿದ್ದು ಕೊಟ್ರಬಸಪ್ಪನಿಗೆ ಗೊತ್ತಿಲ್ಲವೆ? ಗೊತ್ತಿತ್ತು. ಆ ಕತೆಗಳನ್ನು ಕೊಟ್ರಬಸಪ್ಪನೇ ಹತ್ತಾರು ಮಂದಿಗೆ ಹೇಳಿದ್ದ, ಪ್ರತಿ ಸಲ ಒಂದಿಷ್ಟು ಸೇರಿಸಿಯೇ ಹೇಳಿದ್ದ. ಈಗ ಅವು ತಿರುಗಿ ಅವನ ಮೇಲೇ ಬಂದವು.

"ಮುನಸಿಫರು ಹ್ಯಾಂಗದಾರ ಅಂತ ಬ್ಯಾರೆ ಕೇಳಿದ್ರು," ಎಂದು ಕೊಟ್ರಬಸಪ್ಪ ತೊದಲಿದ.

"ನೀ ಏನ್ ಹೇಳ್ದಿ?"

"ದೇವರಂಥವ್ರು ಅಂದೆ."

"ನೀರೂ ಕುಡಿಸಿ, ಮಾರಿ ಮುಂದ ಹೊಗಳಿಯೂ ಬಿಟ್ಟಿ. ಮುಗೀತು. ರಾಯಚೂರಿಗಿ ಬುತ್ತಿ ಕಟ್ಟಿಸ್ಕೊ," ಎಂದ ಯಂಕೋಬ.

ಒಳಗೆ ಬಸವಣ್ಣೆಮ್ಮ ಮಗಳಿಗೆ ಹೆರಳು ಹಾಕುತ್ತ, ಸಂಜೆ ಯಲಬುರ್ಗಾಕ್ಕೆ ಯಾರ ಕೈಯಲ್ಲಿ ಸುದ್ದಿ ಕಳಿಸುವುದೆಂದು ಮಾತಾಡುತ್ತಿದ್ದಳು. ಕೊಟ್ರಬಸಪ್ಪ ಅವರಿಗೆ ಕೇಳದಂತೆ ಬಾಗಿಲು ಎಳೆದುಕೊಂಡ. ಏನಾದರೂ ಉಪಾಯ ಹೇಳು ಎಂದು ಯಂಕೋಬನ ಕೈ ಹಿಡಿದ. ಯಂಕೋಬ ಕಣ್ಣು ಮುಚ್ಚಿ ಯೋಚಿಸಿ ಹೇಳಿದ್ದು ಇದು: ಋಣ ಹುಟ್ಟಿದ್ದು ನೀರಿನಿಂದ, ಆದ್ದರಿಂದ ಕೋರ್ಟು ಕೂಡುವುದರೊಳಗೆ ಸಾಹೇಬರ ಕೈಯಿಂದ ಕೊಟ್ರಬಸಪ್ಪನೂ ಏನಾದರೂ ಕುಡಿಯಬೇಕು, ಅಲ್ಲಿಗೆ ಸರಿಗೆ ಸರಿ. ಈ ವಿಷಯ ಯಾರಿಗೂ ಹೇಳಬೇಡ ಎಂದು ಕೊಟ್ರಬಸಪ್ಪ ಆಣೆ ಹಾಕಿಸಿಕೊಂಡ. ಯಂಕೋಬ ಆಣೆ ಮಾಡಿ ನೇರವಾಗಿ ಕಳಕಪ್ಪನ ಮನೆಗೆ ಹೋದ.

ಹುಡುಕುತ್ತ ಹೋದ ಕೊಟ್ರಬಸಪ್ಪನಿಗೆ ಮುದುಕ ಸಿಕ್ಕಿದ್ದು ಮೋಟಾರು ನಿಲ್ಲುವ ಕಡೆ ಇದ್ದ ಮೆಹಬೂಬಸಾಬನ ಚಹಾದ ಅಂಗಡಿಯಲ್ಲಿ. ಮೂಲೆಯ ಬೆಂಚಿನ ಮೇಲೆ ಕೊಡೆಯನ್ನು ಕಾಲ ನಡುವೆ ಇಟ್ಟುಕೊಂಡು ಕೂತಿದ್ದ. ಅಂಗಡಿಯಲ್ಲಿ ಅವತ್ತೂ ದಸ್ತಗೀರ ಸಾಹೇಬರ ಜೀವನಚರಿತ್ರೆಯೇ ನಡೆದಿತ್ತು. ಒಬ್ಬನೂ ಮೂಲೆಯತ್ತ ತಿರುಗಿ ನೋಡುತ್ತಿರಲಿಲ್ಲ. ಮೆಹಬೂಬಸಾಬ ಕೂಡ ಸಲಾಮು ಮಾಡದೆ ಹಾಲು ಸೋಸುತ್ತಿದ್ದ. ಕೊಟ್ರಬಸಪ್ಪನಿಗೆ ಅದರಲ್ಲಿ ಅನುಮಾನ ಹುಟ್ಟಲಿಲ್ಲ, ಬದಲು ಮೆಚ್ಚುಗೆ ಹುಟ್ಟಿತು. ಮೆಹಬೂಬಸಾಬನಿಗೂ ಅಂಗಡಿ ಜಾಗದ ದಾವೆ ಇತ್ತಲ್ಲ. ಎಲ್ಲರೂ ಗುರುತು ಹಿಡಿದಿದ್ದಾರೆ, ಜಾಣರು, ಗುರುತಿಲ್ಲದಂತೆ ಇದ್ದಾರೆ ಎಂದುಕೊಂಡ.

ಮೆಹಬೂಬಸಾಬ ಹೇಳುತ್ತಿದ್ದ ಕತೆಯಲ್ಲಿ ಸಾಹೇಬರ ತಂದೆ ಸಾಹೇಬರು ತೊಟ್ಟಿಲಲ್ಲಿದ್ದಾಗಲೇ ಕಾಲರಾದಲ್ಲಿ ತೀರಿಕೊಂಡು, ತಾಯಿ ಬಳೆ ಮಾರಿ ಮಗನನ್ನು ಓದಿಸಿದ್ದಳು. ಕ್ಷೌರದ ಓಬಳೆಪ್ಪ ಅದನ್ನು ಒಪ್ಪಲಿಲ್ಲ. ತಂದೆ ನವಾಬರ ಆನೆಯ ಮಾವುತನೆಂದೂ ಆನೆಗೆ ಮದ ಬಂದಾಗ ಅದರ ಕಾಲಡಿ ಸಿಕ್ಕು ಸತ್ತನೆಂದೂ ಅವನಿಗೆ ಪಕ್ಕಾ ಗೊತ್ತಿತ್ತು. ಯಾರೋ ಮೂರನೆಯವರು ತಂದೆಯನ್ನು ಕೃಷ್ಣಾ ನದಿಯ ಮಹಾಪೂರದಲ್ಲಿ ಮುಳುಗಿಸಿದರು. ಮೂಲೆಯ ಮುದುಕ ಪ್ರತಿಯೊಂದು ಸಾವನ್ನೂ ಬಾಯಿ ತೆರೆದು ಕೇಳುತ್ತಿದ್ದ. ಸಾವು ಹೇಗೇ ಬಂದಿರಲಿ, ಮಗನನ್ನು ಹೊಗಳುವ ಜಾಗ ಬಂದಾಗ ಅವನ ಕಣ್ಣು ಮತ್ತೆ ಮತ್ತೆ ಒದ್ದೆಯಾಗುತ್ತಿತ್ತು.

ಕೊಟ್ರಬಸಪ್ಪ ಹೋಗಿ ಅವನ ಪಕ್ಕ ಕೂತ. ಗಡ್ಡವನ್ನು ಓರೆಗಣ್ಣಿನಿಂದ ನೋಡಿದ. ಅಂಟಿಸಿದ ಗುರುತು ಎಲ್ಲಿಯೂ ಕಾಣಲಿಲ್ಲ. ಎಂಥ ನಾಜೂಕಿನ ಕೆಲಸ ಎಂದುಕೊಂಡ.

"ಕಾಕಾ, ನನಗೊಂದು ಚಾ ಕುಡಸ್ರಿ," ಎಂದ. ಜನ್ಮದಲ್ಲಿ ಯಾರನ್ನೂ ಹೀಗೆ ಕೇಳಿರದ ಅವನ ಕಿವಿ ಬಿಸಿಯಾಯಿತು.

ಮುದುಕ ಸಂತೋಷದಿಂದ ನಕ್ಕು, ಬೆಳಿಗ್ಗೆ ನೀರು ಕೊಟ್ಟ ತಮ್ಮನಲ್ಲವೆ ಎಂದು ಅಂಗಡಿಗೆಲ್ಲ ಕೇಳುವಂತೆ ಹೇಳಿ, ಎರಡು ಚಹಾ ತರಿಸಿದ. ನೀರಿನ ವಿಷಯ ಅಂಗಡಿಗೆಲ್ಲ ತಿಳಿದದ್ದರಿಂದ ಕೊಟ್ರಬಸಪ್ಪನಿಗೆ ಬೆವರು ಬಂತು. ಆದರೂ ಚಹಾ ಒಳಗೆ ಇಳಿದಂತೆ ಜೀವ ಹಗುರಾಯಿತು. ಕುಡಿದಾದ ಮೇಲೆ ಮುದುಕ ಸೊಂಟದ ಚೀಲಕ್ಕೆ ಕೈ ಹಾಕಿದಾಗ ಮೆಹಬೂಬಸಾಬ ಓಡಿ ಬಂದು ಅವನ ಕೈ ಹಿಡಿದ.

"ಪರಸ್ಥಳದವ್ರು ನೀವು. ನಮ್ಮೂರಾಗ ನೀವು ಕೊಡೂದಂದ್ರ ಏನ್ರಿ? ಕೊಟ್ರಬಸಪ್ಪ ಕೊಡ್ತಾನ ಬಿಡ್ರಿ," ಎಂದ. ಕೊಟ್ರಬಸಪ್ಪ ಎಷ್ಟು ಬೇಡ ಬೇಡ ಎಂದರೂ, ಊರಿನ ಮರ್ಯಾದೆ ಎಂದು ಇಡೀ ಅಂಗಡಿಯೇ ಎದ್ದು ನಿಂತು ಅವನಿಂದ ಕೊಡಿಸಿತು. ನೀರಿನ ಮೇಲೆ ಈಗ ಚಹಾದ ಋಣವೂ ಕೂತಿತು.

ಅಷ್ಟರಲ್ಲಿ ಕಳಕಪ್ಪ ಉಸಿರು ಬಿಡುತ್ತ ಅಂಗಡಿಗೆ ನುಗ್ಗಿದ. ಅವನ ಹಿಂದೆ ಬಂದ ಯಂಕೋಬ ಮುದುಕನ ಮುಖ ನೋಡಿದವನೇ, ಕಣ್ಣು ಸಾಹೇಬರದೇ ಎಂದು ಪಿಸುಗುಟ್ಟಿದ. ಹಗೇವಿನ ಜಗಳ ಹತ್ತಿದಾಗಿನಿಂದ ಕಳಕಪ್ಪ ಕೊಟ್ರಬಸಪ್ಪನ ಜೊತೆ ಮಾತು ಬಿಟ್ಟಿದ್ದ, ಏನಾದರೂ ಹೇಳಬೇಕಾದರೆ ಗೋಡೆಗೆ ಹೇಳುತ್ತಿದ್ದ. ಈಗಲೂ ಅಂಗಡಿಯ ಕಂಬಕ್ಕೆ ಹೇಳಿದ. ಕೆಲವರು ನೀರು ಕುಡಿಸಿ ಚಹಾ ಕುಡಿಸಿ ನ್ಯಾಯವನ್ನೇ ಕೊಳ್ಳಲು ಹೊರಟಿದ್ದಾರೆ, ತಾನು ಬಿಡುವವನಲ್ಲ ಎಂದ. ಹೇಳಿದವನೇ ಒಂದು ತಟ್ಟೆ ಬಿಸಿ ಮೆಣಸಿನಕಾಯಿ ಭಜಿ ತರಿಸಿ ಮುದುಕನ ಮುಂದೆ ಇಟ್ಟು, ತಿನ್ನುವ ತನಕ ಕದಲಲಿಲ್ಲ. ಮುದುಕ ಇಷ್ಟು ಉದಾರಿಗಳ ಊರನ್ನು ತಾನು ನೋಡಿಲ್ಲವೆಂದು ಹೇಳಿ, ಗಡ್ಡದಲ್ಲಿ ಬಿದ್ದ ಭಜಿಯ ಚೂರನ್ನು ಕೊಡವಿಕೊಂಡು ತಿಂದ. ಗಡ್ಡ ಅಲುಗಲಿಲ್ಲ.

ತಟ್ಟೆ ಖಾಲಿಯಾದ ಮೇಲೆ ಯಂಕೋಬನಿಗೆ ಹೊಸ ಬೆಳಕು ಹೊಳೆಯಿತು. ಇಬ್ಬರನ್ನೂ ಅಂಗಡಿಯ ಹಿಂದಕ್ಕೆ ಕರೆದುಕೊಂಡು ಹೋಗಿ ವಿವರಿಸಿದ. ಮೊದಲು ಒಬ್ಬನದೇ ಋಣವಿತ್ತು, ಈಗ ಇಬ್ಬರದೂ ಆಯಿತು. ಒಂದು ಋಣಕ್ಕೆ ರಾಯಚೂರಾದರೆ ಎರಡಕ್ಕೆ ಸಾಹೇಬರು ದಾವೆಯನ್ನು ಎಲ್ಲಿಗೆ ಕಳಿಸುತ್ತಾರೋ ಹೇಳಲಾಗದು.

ಕಳಕಪ್ಪನ ಮುಖ ಬಿಳುಚಿತು. ಇಂಥ ಸಾಹೇಬರ ಕೈಯಲ್ಲಿ ತಾನು ಗೆಲ್ಲುವುದು ನಿಶ್ಚಯ ಎಂದು ಅವನೂ ನಂಬಿದ್ದ. ಸತ್ಯವಂತ ನ್ಯಾಯಾಧೀಶರು ಇನ್ನೇನು ಮಾಡಿಯಾರು ಎಂಬುದು ಇಬ್ಬರ ತರ್ಕವೂ ಆಗಿತ್ತು. ಮೊದಲ ಸಲ ಅವನು ಕಂಬ ಬಿಟ್ಟು ಕೊಟ್ರಬಸಪ್ಪನ ಮುಖ ನೋಡಿದ.

"ಈಗ ಏನ್ ಮಾಡೂದಲೇ ಕೊಟ್ರಾ?"

"ನನಗೇನ್ ಗೊತ್ತೋ ಕಳಕಣ್ಣಾ. ನನ್ನ ಮಗಳ ಲಗ್ನ ನಿಂತತಿ," ಎಂದು ಕೊಟ್ರಬಸಪ್ಪ ಅಳುವವನಂತಾದ. ಗುರುಲಿಂಗಮ್ಮ ಚಿಕ್ಕವಳಿದ್ದಾಗ ಕಳಕಪ್ಪನ ಹೆಗಲ ಮೇಲೆ ಕೂತು ಉರುಸು ನೋಡಿದವಳು. ಕಳಕಪ್ಪ ಬೇರೆ ಕಡೆ ನೋಡಿದ.

ಯಂಕೋಬ ಹೇಳಿದ ಕೊನೆಯ ಉಪಾಯ ಇದು. ಉಪಕಾರವನ್ನು ಅಳಿಸಬಲ್ಲದ್ದು ಅಪಮಾನ ಒಂದೇ. ಇಬ್ಬರೂ ಕೋರ್ಟಿನ ಮುಂದೆ, ಹತ್ತು ಜನರ ಎದುರಿಗೆ, ಸಾಹೇಬರನ್ನು ಬೈಯಬೇಕು. ಇಬ್ಬರೂ ಸಮನಾಗಿ ಬೈದರೆ ಪಕ್ಷಪಾತದ ಮಾತೇ ಇಲ್ಲ. ಇನ್ನೂ ಒಂದು ಮುಖ್ಯ ವಿಷಯ, ಬರೀ ಮುದುಕನನ್ನು ಬೈದರೆ ಲೆಕ್ಕಕ್ಕೆ ಬರುವುದಿಲ್ಲ. ಬೈಸಿಕೊಂಡವರು ಮುನಸಿಫರೇ ಎಂದು ನೆರೆದವರಿಗೆ ಗೊತ್ತಾಗಬೇಕು. ಅದಕ್ಕೆ ಮೊದಲು ಗಡ್ಡ ಕೀಳಬೇಕು.

ಹೀಗೆ ಶತ್ರುಗಳಿಬ್ಬರೂ ಜೋಡಿ ಎತ್ತಿನಂತೆ ಹೆಗಲಿಗೆ ಹೆಗಲು ಕೊಟ್ಟು ಕೋರ್ಟಿಗೆ ನಡೆದದ್ದನ್ನು ನೋಡಿ ಬಜಾರದ ಜನ ತಕ್ಕಡಿ ಬಿಟ್ಟು ಹೊರಗೆ ಬಂದರು. ಮುದುಕ ಅಷ್ಟರಲ್ಲಿ ಮಗನನ್ನು ನೋಡುವ ಹೊತ್ತಾಯಿತೆಂದು ಎದ್ದು, ಕೋರ್ಟಿನ ಮುಂದಿನ ಬೇವಿನ ಮರದ ಕೆಳಗೆ ಬಂದು ನಿಂತಿದ್ದ. ಕಕ್ಷಿಗಾರರು, ಸಾಕ್ಷಿಗಳು, ಅರ್ಜಿ ಬರೆಯುವವರು, ಕೆಲಸವಿಲ್ಲದವರು, ಎಲ್ಲರೂ ಆ ಮರದ ನೆರಳಿನಲ್ಲೇ ಇದ್ದರು.

ಕಳಕಪ್ಪ ಶುರುಮಾಡಿದ. ಬಿಟ್ಟಿ ಭಜಿ ತಿಂದು ಬಾಯಿ ಒರೆಸಿಕೊಂಡು ಬಂದವನಿಗೆ ನಾಚಿಕೆ ಇಲ್ಲವೆ ಎಂದು ಕೂಗಿದ. ಬೈಗುಳದಲ್ಲಿ ಅವನಿಗೆ ಒಳ್ಳೆಯ ರೂಢಿ ಇತ್ತು. ಕೊಟ್ರಬಸಪ್ಪನಿಗೆ ಇರಲಿಲ್ಲ. ಅವನು ಜೀವಮಾನದಲ್ಲಿ ಬೈದದ್ದು ಮನೆಯ ಕೋಳಿಯನ್ನು ಮಾತ್ರ, ಆದ್ದರಿಂದ ಅದೇ ಬಾಯಿಗೆ ಬಂತು.

"ಹುಶ್, ಹುಶ್," ಎಂದು ಕೈ ಬೀಸಿದ. ಅದು ಸಾಲದೆಂದು ಕಳಕಪ್ಪ ಪಕ್ಕೆಗೆ ತಿವಿದ. ಆಗ ಕೊಟ್ರಬಸಪ್ಪ ಕಣ್ಣು ಮುಚ್ಚಿ, ಮನದಲ್ಲಿ ಬಸವಣ್ಣನನ್ನು ನೆನೆದು, ಮಗಳ ಮುಖವನ್ನು ನೆನೆದು, ಮುಂದೆ ಬಾಗಿ ಗಡ್ಡಕ್ಕೆ ಕೈ ಹಾಕಿ ಎಳೆದ.

ಗಡ್ಡ ಬರಲಿಲ್ಲ, ಮುದುಕನೇ ಬಂದ. "ಅಯ್ಯ ತಮ್ಮಾ, ಏನಾತೋ ನಿನಗ?" ಎಂದ ಅವನು. ಕೊಟ್ರಬಸಪ್ಪ ಇನ್ನೊಮ್ಮೆ ಎಳೆದ. ಎರಡು ಬಿಳಿ ಕೂದಲು ಕೈಗೆ ಬಂದವು, ಅವುಗಳ ಬುಡ ನಿಜವಾದ ಕೂದಲಿನ ಬುಡದಂತೆಯೇ ಇತ್ತು.

ಮರದ ಕೆಳಗಿನ ಗದ್ದಲ ಒಮ್ಮೆಲೇ ನಿಂತಿತು. ಜನ ಎರಡು ಬದಿಗೆ ಸರಿದರು. ದಾವೆ ಇದ್ದವರೆಲ್ಲ ಗೋಡೆಯತ್ತ ತಿರುಗಿದರು. ಶೇರವಾನಿ ತೊಟ್ಟ, ನಲವತ್ತರ ಆಸುಪಾಸಿನ ಒಬ್ಬ ವ್ಯಕ್ತಿ ಕೊಡೆಯನ್ನು ಬಂದೂಕಿನಂತೆ ಹೆಗಲ ಮೇಲಿಟ್ಟುಕೊಂಡು, ಮುದುಕನದೇ ನಡಿಗೆಯಲ್ಲಿ ನಡೆದು ಬಂದರು. ಬಂದವರು ನೆಲಕ್ಕೆ ಬಾಗಿ ಮುದುಕನ ಧೂಳು ತುಂಬಿದ ಕಾಲು ಮುಟ್ಟಿದರು.

"ಅಪ್ಪಾ, ಯಾವಾಗ ಬಂದ್ಯೋ?"

"ಮುಂಜಾನಿನ ಬಂದೆ," ಎಂದ ಮುದುಕ ಗಡ್ಡ ನೀವಿಕೊಳ್ಳುತ್ತ. "ನಿನ್ನ ನೋಡೂಕಿಂತ ಮೊದ್ಲ ಮಂದಿ ನಿನ್ನ ಬಗ್ಗೆ ಏನಂತಾರ ಅಂತ ಕೇಳ್ಕೊಂಡು ಬರಬೇಕು ಅನಿಸ್ತು. ಈ ಊರಾಗ ನಾನು ಮೂರು ಸಲ ಸತ್ತೀನಿ ನೋಡು. ಆದ್ರ ನಿನ್ನ ಹೆಸರು ಛಲೋ ಐತಿ."

ಯಂಕೋಬ ಎಲ್ಲಿದ್ದಾನೆಂದು ಕೊಟ್ರಬಸಪ್ಪ ತಿರುಗಿ ನೋಡಿದ. ಜಗತ್ತಿನಲ್ಲಿ ಅಂಥವನೊಬ್ಬ ಇದ್ದನೆಂಬ ಗುರುತೂ ಅಲ್ಲಿ ಉಳಿದಿರಲಿಲ್ಲ.

ಕೋರ್ಟು ಕೂಡಿದ ಕೂಡಲೇ ಹಗೇವಿನ ದಾವೆಯನ್ನೇ ಮೊದಲು ಕೂಗಿದರು. ಕೋರ್ಟಿನ ಭಾಷೆ ಉರ್ದು, ಆದರೆ ಸಾಹೇಬರು ಅವತ್ತು ಇಬ್ಬರಿಗೂ ತಿಳಿಯಲೆಂದು ಕನ್ನಡದಲ್ಲೇ ಮಾತಾಡಿದರು. ನಡೆದದ್ದನ್ನೆಲ್ಲ ತಂದೆಯಿಂದ ಕೇಳಿ ತಿಳಿದುಕೊಂಡಿದ್ದರು. ಕೊಟ್ರಬಸಪ್ಪ ಮೊದಲ ಸಲ ತಲೆ ಎತ್ತಿ ಅವರ ಮುಖ ನೋಡಿದ. ಕಣ್ಣುಗಳು ಮುದುಕನ ಕಣ್ಣಿನಂತೆಯೇ ಇದ್ದವು.

"ನಿಮ್ಮ ದಾವಾದ ತೀರ್ಪು ನಿನ್ನೆನ ನನ್ನ ಮನಸಿನ್ಯಾಗ ಆಗಿತ್ತು," ಎಂದರು ಸಾಹೇಬರು. "ಇವತ್ತು ಹೇಳೂದಷ್ಟ ಉಳದಿತ್ತು. ಯಾವ ಮನಿ ನೀರು ಅಂತ ನಮ್ಮಪ್ಪಗೂ ಗೊತ್ತಿರಲಿಲ್ಲ, ನನಗೂ ಗೊತ್ತಾಗ್ತಿರಲಿಲ್ಲ. ಈಗ ಗೊತ್ತಾತು. ಕೊಟ್ರಬಸಪ್ಪನವರ, ನಿಮ್ಮ ನೀರು ನಮ್ಮಪ್ಪನ ಹೊಟ್ಯಾಗ ಐತಿ, ಅವನ ಗಡ್ಡದ ಕೂದಲು ನಿಮ್ಮ ಕೈಯಾಗ ಅದಾವ. ನಿಮ್ಮ ಕಡೆ ಹೇಳಿದ್ರ ನೀರಿಗಿ ಹೇಳಿದಂಗ, ನಿಮ್ಮ ವಿರುದ್ಧ ಹೇಳಿದ್ರ ಗಡ್ಡಕ್ಕ ಹೇಳಿದಂಗ. ಕಳಕಪ್ಪನವರ ಭಜಿದೂ ಇದ ಹಣೇಬಾರ. ನಾ ಇದನ್ನ ಮುಟ್ಟೂದಿಲ್ಲ."

ದಾವೆ ರಾಯಚೂರಿಗೆ ಹೋಯಿತು.

ಹೊರಗೆ ಜನ ಗೌರವದಿಂದ ತಲೆದೂಗಿದರು. ತಂದೆಯ ಗಡ್ಡ ಎಳೆದವನಿಗೂ ನ್ಯಾಯ ತಪ್ಪಬಾರದೆಂದ ಮಹಾತ್ಮನನ್ನು ಎಲ್ಲಿಯಾದರೂ ಕಂಡಿದ್ದೀರಾ ಎಂದು ಒಬ್ಬರನ್ನೊಬ್ಬರು ಕೇಳಿದರು. ಸಂಜೆಯೊಳಗೆ ಮೆಹಬೂಬಸಾಬನ ಅಂಗಡಿಯಲ್ಲಿ ಸಾಹೇಬರ ತಂದೆ ಕಾಲರಾದಿಂದಲೂ ಆನೆಯಿಂದಲೂ ಮಹಾಪೂರದಿಂದಲೂ ಪಾರಾಗಿ ಬದುಕಿ ಬಂದಿದ್ದರು. ಹೊಸ ಕತೆಯಲ್ಲಿ ಕೊಟ್ರಬಸಪ್ಪ ಎಂಬ ದುಷ್ಟನೊಬ್ಬ ಕತ್ತರಿ ಹಿಡಿದು ಮುದುಕನ ಮೇಲೆ ಬಿದ್ದಿದ್ದ.

ಕೊಟ್ರಬಸಪ್ಪ ಮನೆಗೆ ಬಂದು ಕಟ್ಟೆಯ ಮೇಲೆ ಕುಸಿದು ಕೂತ. ಬಸವಣ್ಣೆಮ್ಮ ಅವನನ್ನು ದಾಟಿಕೊಂಡು ಹೋಗಿ ಅಂಗಳ ಗುಡಿಸಿ ಬಂದಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಒಳಗೆ ಗುರುಲಿಂಗಮ್ಮ ಬೆಳಿಗ್ಗೆ ಮುಡಿದ ಹೂವನ್ನು ತೆಗೆದು ಗೋಡೆಯ ಗೂಡಿನಲ್ಲಿ ಇಟ್ಟಳು.

ಹೊತ್ತು ಇಳಿಯುವಾಗ ಓಣಿಯ ತಿರುವಿನಲ್ಲಿ ಕೊಡೆ ಕಾಣಿಸಿತು. ಕೊಟ್ರಬಸಪ್ಪ ರೂಢಿಯಂತೆ ಗೋಡೆಯತ್ತ ತಿರುಗಿದ. ಆದರೆ ಬಂದವನು ಮುದುಕ. ನೇರವಾಗಿ ಬಂದು ಬೆಳಿಗ್ಗೆ ಕೂತ ಜಾಗದಲ್ಲೇ ಕೂತು, ದಾವೆ ಈಗ ತನ್ನ ಮಗನ ಹತ್ತಿರ ಇಲ್ಲವಾದ್ದರಿಂದ ಧೈರ್ಯವಾಗಿ ನೀರು ಕೊಡಬಹುದು ಎಂದು ನಕ್ಕ.

ಕೊಟ್ರಬಸಪ್ಪ ಅವನ ಕಾಲಿಗೆ ಬಿದ್ದ. ಮುದುಕ ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡ. ತಾನು ಹತ್ತಿ ಹಿಂಜುವ ಪಿಂಜಾರ ಹುಸೇನಸಾಬ, ಮಾನ್ವಿಯ ಕಡೆಯ ಹಳ್ಳಿಯವನು ಎಂದು ಹೇಳಿಕೊಂಡ. ಮಗ ಅರಳೆಯ ರಾಶಿಯ ಮೇಲೆ ಕೂತು ಓದುತ್ತಿದ್ದನಂತೆ. ಹತ್ತಿ ತಲೆಗೂ ಹುಬ್ಬಿಗೂ ಹತ್ತಿ, ಶಾಲೆಗೆ ಹೋದರೆ ಮಾಸ್ತರರು ಈ ಮುದುಕ ಯಾರೆಂದು ಕೇಳುತ್ತಿದ್ದರಂತೆ. ಸಾಹೇಬರು ಒಮ್ಮೆಯೂ ವೇಷ ಹಾಕಿಲ್ಲ, ದನ ಮಾರಿಲ್ಲ, ಬಳೆ ತೊಡಿಸಿಲ್ಲ ಎಂದು ಕೇಳಿ ಕೊಟ್ರಬಸಪ್ಪನಿಗೆ ಬೇಸರವಾಯಿತು. ಆ ಕತೆಗಳು ಚೆನ್ನಾಗಿದ್ದವು.

ಗೋಡೆಯ ಆಚೆಯಿಂದ ಕಳಕಪ್ಪ ಕಿವಿಗೊಟ್ಟು ಕೇಳುತ್ತಿದ್ದುದು ಅವನ ರುಮಾಲಿನ ತುದಿಯಿಂದ ತಿಳಿಯುತ್ತಿತ್ತು. ಮುದುಕ ಅವನಿಗೂ ಕೇಳುವಂತೆ ಹೇಳಿದ.

"ನೀವಿಬ್ರೂ ಇವತ್ತು ದಿನಾ ಪೂರಾ ಕೂಡೇ ಓಡ್ಯಾಡೀರಿ. ಅವನ ಅಂಗಳದಾಗ ಬಾಯಿ ತಗೀರಿ, ಅರ್ಧರ್ಧ ಹಂಚ್ಕೊಳ್ರಿ. ರಾಯಚೂರು ಯಾಕ ಬೇಕು?"

ಕೊಟ್ರಬಸಪ್ಪನ ಬಾಯಿ ತೆರೆಯಿತು. ಹೂಂ ಎನ್ನಲು ನಾಲಿಗೆ ಮೇಲೆದ್ದಿತ್ತು ಕೂಡ. ಅಷ್ಟರಲ್ಲಿ ಗೋಡೆಯ ಆಚೆಯ ರುಮಾಲು, ಹಂಚಿಕೊಳ್ಳುವುದಾದರೆ ಬಾಯಿ ಇದ್ದವನಿಗೆ ಒಂದು ಪಾಲು ಹೆಚ್ಚು ಬರಬೇಕು ಎಂದಿತು. ಹೊಟ್ಟೆ ಇದ್ದವನಿಗೆ ಹೆಚ್ಚು ಎಂದು ಕೊಟ್ರಬಸಪ್ಪ ಎದ್ದು ನಿಂತ. ಅಡಿಗೆಮನೆಯಲ್ಲಿ ಬಸವಣ್ಣೆಮ್ಮ ಒಂದು ಪಾತ್ರೆಯನ್ನು ಜೋರಾಗಿ ಕುಕ್ಕಿದಳು. ರಾಯಚೂರಿನವರೇ ಹೇಳಲಿ ಎಂದು ಇಬ್ಬರೂ ಒಂದೇ ದನಿಯಲ್ಲಿ ಹೇಳಿದರು.

ಮುದುಕ ನಿಟ್ಟುಸಿರು ಬಿಟ್ಟ. ಆಮೇಲೆ ಕೊಟ್ರಬಸಪ್ಪ ತಂದ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು, ತಂಬಿಗೆ ಎತ್ತಿ ಗಟಗಟ ಕುಡಿದು ಮುಗಿಸಿದ. ಕೊಟ್ರಬಸಪ್ಪ ಮಾತು ಬದಲಿಸಲೆಂದು, ಮಗ ಹೇಳಿ ಕಳಿಸಿದ ಛಲೋ ಸುದ್ದಿ ಯಾವುದೆಂದು ಕೇಳಿದ.

"ಅಯ್ಯ, ಹೇಳೂದ ಮರತೆ ನೋಡು," ಎಂದು ಮುದುಕ ಗಡ್ಡ ಒರೆಸಿಕೊಂಡ. "ನಮ್ಮ ದಸ್ತಗೀರಗ ಬಡತಿ ಆಗೇತಿ. ಬರೂ ತಿಂಗಳ ರಾಯಚೂರು ಕೋರ್ಟಿಗಿ ಹೊಂಟಾನ. ಇನ್ನ ಇಲ್ಲಿಂದ ಹೋದ ದಾವಾ ಎಲ್ಲಾ ಅವನ ಮುಂದ ಬರ್ತಾವಂತ."

ಕೊಟ್ರಬಸಪ್ಪ ಖಾಲಿ ತಂಬಿಗೆಯನ್ನು ನೋಡಿದ. ಮುದುಕನ ಗಂಟಲನ್ನು ನೋಡಿದ. ಕೊನೆಯ ಗುಟುಕು ಆಗಲೇ ಇಳಿದು ಹೋಗಿತ್ತು. ರಾಯಚೂರಿನ ಕೋರ್ಟಿನಿಂದ ಆಚೆಗೆ ದಾವೆ ಕಳಿಸಲು ಹೈದರಾಬಾದು ಒಂದೇ ಉಳಿದಿತ್ತು.

ಮುದುಕ ಕೊನೆಯ ಮಾತನ್ನು ಮೆಲ್ಲಗೆ ಆಡಿದ್ದರಿಂದ ಕಳಕಪ್ಪನಿಗೆ ಕೇಳಿಸಿರಲಿಲ್ಲ. ಮುದುಕ ನೀರು ಕುಡಿದದ್ದು ಮಾತ್ರ ಕಾಣಿಸಿತ್ತು. ದಾವೆ ಹೋದರೂ ಊರಿನ ಮರ್ಯಾದೆಯಲ್ಲಿ ತಾನು ಹಿಂದೆ ಬೀಳಬಾರದೆಂದು ಅವನು ತನ್ನ ಮನೆಯ ದೊಡ್ಡ ತಂಬಿಗೆಯನ್ನೂ ಒಂದು ಹಿಡಿ ಬೆಲ್ಲವನ್ನೂ ತೆಗೆದುಕೊಂಡು ಲಗುಬಗೆಯಿಂದ ಬಂದ.

"ಅಜ್ಜಾರ, ನಮ್ಮ ಮನಿ ನೀರೂ ಒಂದೀಟು ಕುಡೀರಿ," ಎಂದ.

ತಡೆಯಲು ಕೊಟ್ರಬಸಪ್ಪನ ಕೈ ಮೇಲೆದ್ದಿತು. ಆದರೆ ಹೈದರಾಬಾದು ಬಹಳ ದೂರ, ಅಷ್ಟು ದೂರಕ್ಕೆ ಒಬ್ಬನೇ ಹೋಗುವುದೆಂದರೆ ಬೇಸರದ ಸಂಗತಿ. ಅವನು ಕೈ ಇಳಿಸಿ, ಸರಿದು ಕಳಕಪ್ಪನಿಗೆ ಕೂರಲು ಜಾಗ ಮಾಡಿಕೊಟ್ಟ.